ಸದ್ದಿಲ್ಲದ ಫಿಲ್ಟರು

ಮೀನಿನ ತೊಟ್ಟಿಗೆ ಫಿಲ್ಟರ್ ಆರಿಸುವುದು ಮನೆಗೆ ಅಳಿಯನನ್ನು ಆರಿಸಿದಷ್ಟೇ ತೊಡಕಿನ ಕೆಲಸ. ಎರಡರಲ್ಲಿಯೂ ಕೇಳದವರೆಲ್ಲ ಸಲಹೆ ಕೊಡುತ್ತಾರೆ. ಎರಡರಲ್ಲಿಯೂ ನಿಜವಾದ ದನಿ ಕೇಳಿಸುವುದು ಮನೆಗೆ ಬಂದು ನಾಲ್ಕಾರು ದಿನ ಕಳೆದ ಮೇಲೆಯೇ.

ನಿಮ್ಮ ಮನೆಯಲ್ಲಿ ಮೀನುಗಳಿಲ್ಲವಾದರೆ ಸ್ವಲ್ಪ ವಿವರಿಸಬೇಕು. ತೊಟ್ಟಿಯ ಹೊರಗೆ, ಕೋಣೆಯ ಗಾಳಿಯನ್ನು ಎಳೆದುಕೊಂಡು ಊದುವ ಒಂದು ಪುಟ್ಟ ವಿದ್ಯುದ್ಯಂತ. ಒಳಗೆ, ನೀರಿನ ಮೂಲೆಯಲ್ಲಿ, ಇದ್ದಲು ಮತ್ತು ಗಾಜಿನ ಎಳೆ ತುಂಬಿದ ಡಬ್ಬಿ. ನಡುವೆ ರಬ್ಬರಿನ ನಳಿಗೆ. ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೇಳುವಾಗ ನೀರನ್ನು ಡಬ್ಬಿಯ ಮೂಲಕ ಎಳೆಯುತ್ತದೆ, ಹೊಲಸು ಅಲ್ಲಿಯೇ ಉಳಿಯುತ್ತದೆ. ಇಷ್ಟೇ ಇದರ ವೇದಾಂತ. ಇಷ್ಟನ್ನು ತಿಳಿಯಲು ಬಿ.ಎ. ಪಾಸಾದ ನನಗೆ ಬಹಳ ಕಾಲ ಹಿಡಿಯಿತೆಂಬುದು ಬೇರೆ ಮಾತು.

ಏಕಾದಶಿಯಲ್ಲದ ದಿನವೂ ಈರುಳ್ಳಿಯನ್ನು ಅನುಮಾನದಿಂದ ನೋಡುವ ನಮ್ಮ ಮನೆತನಕ್ಕೆ ಮೀನನ್ನು ತಂದವನು ನನ್ನ ಅಣ್ಣ. ಧಾರವಾಡ ಬಿಟ್ಟು ಮುಂಬಯಿಗೆ ಬಂದು, ಫೋರ್ಟಿನ ಕಚೇರಿಯೊಂದರಲ್ಲಿ ದುಡಿದು, ವಡಾಲದ ಬಿಲ್ಡಿಂಗಿನಲ್ಲಿ ಎರಡು ಖೋಲಿಯ ಮನೆ ಹಿಡಿದು, ಆಮೇಲೆ ನನ್ನನ್ನೂ ಕರೆಸಿಕೊಂಡ ಅವನಿಗೆ ಉಬ್ಬಸದ ಕಾಯಿಲೆ. ಈಜುವ ಮೀನನ್ನು ನೋಡುತ್ತ ಕುಳಿತರೆ ಉಸಿರು ತಹಬಂದಿಗೆ ಬರುತ್ತದೆಂದು ಲೋಕಲ್ ರೈಲಿನಲ್ಲಿ ಯಾರೋ ಹೇಳಿದರಂತೆ. ಮರುವಾರವೇ ತೊಟ್ಟಿ ಬಂತು. ಪಕ್ಕದ ಮನೆಯ ಕೊಂಕಣಿ ಬಾಯಿ ಮೀನುಗಳನ್ನು ಇಣುಕಿ ನೋಡಿ, ಸಾರಿಗೆ ಹಾಕುವಷ್ಟು ದಪ್ಪವಾಗಲು ಇನ್ನೂ ಸಮಯ ಬೇಕೆಂದು ಮರುಕಪಟ್ಟಳು. ಡಬ್ಬಿಗೆ ಬೇಕಾದ ಇದ್ದಲನ್ನು ಅಣ್ಣ ವೈನಿಯ ಶೇಗಡಿ ಒಲೆಯ ಬುಟ್ಟಿಯಿಂದಲೇ ಕದಿಯುತ್ತಿದ್ದ. ವೈನಿ, ಅಂದರೆ ನನ್ನ ಅತ್ತಿಗೆ, ಕಂಡೂ ಕಾಣದವರಂತೆ ಇರುತ್ತಿದ್ದರು.

ಅಣ್ಣ ಅಗ್ಗಕ್ಕೆ ತಂದಿದ್ದ ಆ ಯಂತ್ರ ಒಂದೇ ಸಮನೆ ಓಡುತ್ತಿರಲಿಲ್ಲ. ಎಳೆಯುತ್ತಿತ್ತು, ಒಂದು ಕ್ಷಣ ತಡೆಯುತ್ತಿತ್ತು, ಆಮೇಲೆ ಸಣ್ಣ ಸಿಳ್ಳಿನೊಡನೆ ಬಿಡುತ್ತಿತ್ತು. ಅಣ್ಣನ ಉಬ್ಬಸದ ನಡೆಯೂ ಹಾಗೆಯೇ. ಈಗ ಏದುತ್ತಿರುವುದು ಯಂತ್ರವೋ ಯಜಮಾನನೋ ಎಂದು ನಾವು ಚೇಷ್ಟೆ ಮಾಡಿದರೆ ಅವನೂ ಕೆಮ್ಮುತ್ತ ನಗುತ್ತಿದ್ದ.

ಕಳೆದ ಮಳೆಗಾಲದಲ್ಲಿ ಅಣ್ಣ ಹೋಗಿಬಿಟ್ಟ. ಹತ್ತನೆಯ ದಿನ ಬಿಲ್ಡಿಂಗಿನ ಟೆರೇಸಿನ ಮೇಲೆ ಪಿಂಡ ಇಟ್ಟೆವು. ಕೂಸಿನ ಕೈಯೊಳಗಿನ ಪಾವ್ ರೊಟ್ಟಿಯನ್ನೂ ಬಿಡದ ವಡಾಲದ ಕಾಗೆಗಳು ಅಂದು ಕಟ್ಟೆಯ ಮೇಲೆ ಸಾಲಾಗಿ ಕುಳಿತು ನಮ್ಮನ್ನೇ ನೋಡತೊಡಗಿದವು. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆಯೆಂದು ಲೆಕ್ಕ. ಅದೇನೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಗಟ್ಟಿಯಾಗಿ ಮಾತು ಕೊಡಬೇಕು. ವೈನಿಯನ್ನು ಕೈಬಿಡುವುದಿಲ್ಲವೆಂದೆ. ಊರಿನ ದೇವರಿಗೆ ಹರಕೆ ಮುಟ್ಟಿಸುತ್ತೇನೆಂದೆ. ಇಲ್ಲದ ಆಸೆಗಳನ್ನೂ ಅವನ ಹೆಸರಿಗೆ ಹಚ್ಚಿ ಮಾತು ಕೊಟ್ಟೆ. ಒಂದು ಕಾಗೆಯೂ ಕದಲಲಿಲ್ಲ. ಆಗ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ ವೈನಿ, ಅಡಿಗೆಮನೆಯಿಂದ ಕೂಗಿ ಹೇಳುವ ದನಿಯಲ್ಲಿಯೇ ಹೇಳಿದರು:

"ಮೀನಿನ ನೀರು ಕೆಡಗೊಡೂದಿಲ್ಲರೀ. ನೀವು ಊಟಾ ಮಾಡ್ರಿ."

ಎಲ್ಲ ಕಾಗೆಗಳೂ ಒಟ್ಟಿಗೆ ಇಳಿದವು.

ಮಾತನ್ನೇನೋ ಕೊಟ್ಟಾಯಿತು. ಆದರೆ ಬೇಸಗೆಗೆ ಮೊದಲೇ ಹಳೆಯ ಡಬ್ಬಿ ಬಿರುಕುಬಿಟ್ಟು, ಯಂತ್ರದ ಕಸುವೂ ಕುಗ್ಗಿ, ನೀರು ಅಕ್ಕಿ ತೊಳೆದ ನೀರಿನಂತೆ ಮಂದವಾಗುತ್ತ ಬಂತು. ವೈನಿ ದಿನಕ್ಕೆ ಹಲವು ಸಲ ತೊಟ್ಟಿಯ ಗಾಜು ಒರೆಸುವರು. ಮಬ್ಬು ಒಳಗಿನದು, ಹೋಗುವುದೆಲ್ಲಿಂದ? ಆಡಿದ ಮಾತು ತಪ್ಪುತ್ತಿದೆಯೆಂಬ ಭಯ ಅವರ ಮುಖದ ಮೇಲೆ ಕಾಣುತ್ತಿತ್ತು. ನನ್ನ ಭಯ ಬೇರೆ. ಆಫೀಸಿನಿಂದ ಮರಳಿ ಮುಸ್ಸಂಜೆಯಲ್ಲಿ ಬಾಗಿಲು ತೆರೆದರೆ, ದೀಪ ಹಾಕುವ ಮುನ್ನವೇ ಆ ಮೂಲೆಯಿಂದ ಕೇಳುತ್ತಿತ್ತು: ಎಳೆಯುವುದು, ತಡೆಯುವುದು, ಬಿಡುವುದು. ನನ್ನನ್ನು ಸಾಕಿದ ಅಣ್ಣನ ಉಸಿರು ಅದು, ನಿಜ. ಆದರೂ ನನಗೆ ಹೆದರಿಕೆಯಾಗುತ್ತಿತ್ತು; ಚಪ್ಪಲಿ ಬಿಡುವ ಮೊದಲೇ ಸ್ವಿಚ್ಚಿಗೆ ಕೈಹಾಕುತ್ತಿದ್ದೆ.

ಆದ್ದರಿಂದ ಕ್ರಾಫರ್ಡ್ ಮಾರ್ಕೆಟ್ಟಿನ ಹತ್ತಿರದ ಮುದುಕ ಸೇಠನ ಅಂಗಡಿಯಲ್ಲಿ ನಾನು ಅಗ್ಗವಾದದ್ದನ್ನು ಕೇಳಲಿಲ್ಲ, ಚೆಂದವಾದದ್ದನ್ನೂ ಕೇಳಲಿಲ್ಲ; ಸದ್ದು ಮಾಡದ್ದನ್ನು ಕೇಳಿದೆ. ಅವನು ಒಂದು ಯಂತ್ರವನ್ನು ಹಚ್ಚಿ ನನ್ನ ಕಿವಿಗೇ ಹಿಡಿದ. ಓಡುತ್ತಿದೆಯೆಂದು ತಿಳಿಯಬೇಕಾದರೆ ಬೆರಳಿನಿಂದ ಮುಟ್ಟಿ ನೋಡಬೇಕು, ಅಷ್ಟು ಮೌನ. ಹೊಸ ಡಬ್ಬಿಯನ್ನೂ ಕೊಂಡು, ಯುದ್ಧ ಗೆದ್ದವನ ಠೀವಿಯಿಂದ ಲೋಕಲ್ ಹತ್ತಿದೆ.

ನೀರು ನೋಡನೋಡುತ್ತ ತಿಳಿಯಾಯಿತು. ವೈನಿ ಹಳೆಯ ಯಂತ್ರವನ್ನು ಒರೆಸಿ, ಅಣ್ಣನ ಧೋತರದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ನಾನು ಬಹುಕಾಲದ ಮೇಲೆ ಸುಖವಾಗಿ ನಿದ್ದೆ ಮಾಡಿದೆ. ವೈನಿ ಮಾತ್ರ ತಟ್ಟೆಯ ಮುಂದೆ ಕುಳಿತು, ಯಾರನ್ನೋ ಕಾಯುವವರಂತೆ ಕಿವಿಗೊಟ್ಟು, ಅನ್ನ ಕಲಸಿದ್ದನ್ನು ಹಾಗೆಯೇ ಬಿಟ್ಟು ಏಳತೊಡಗಿದರು. ಮೀನುಗಳೂ ಹಳೆಯ ಡಬ್ಬಿ ಇದ್ದ ಮೂಲೆಯಲ್ಲಿಯೇ ಗುಂಪಾಗಿ, ಗೋಡೆಯ ಕಡೆ ಮುಖಮಾಡಿ ನಿಲ್ಲುತ್ತಿದ್ದವು.

ಒಂದು ಸಂಜೆ ಬಾಗಿಲು ತೆರೆದೆ. ಎಳೆಯಿತು. ತಡೆಯಿತು. ಸಣ್ಣ ಸಿಳ್ಳಿನೊಡನೆ ಬಿಟ್ಟಿತು.

ವೈನಿಯೇ ಹಳೆಯದನ್ನು ಮತ್ತೆ ಹಚ್ಚಿರಬೇಕೆಂದು ಟ್ರಂಕು ತೆರೆದು ನೋಡಿದೆ. ಅದು ಧೋತರದೊಳಗೆ ತಣ್ಣಗೆ ಮಲಗಿತ್ತು. ಮರುದಿನ ಹೊಸ ಯಂತ್ರವನ್ನು ಸೇಠನ ಬಳಿಗೆ ಒಯ್ದೆ. ಅವನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹಚ್ಚಿ, ಒಂದು ಕಪ್ ಚಹಾ ಮುಗಿಸುವವರೆಗೆ ಓಡಿಸಿದ; ಹುಡುಕಿದರೂ ಸದ್ದಿಲ್ಲ. ಯಂತ್ರವನ್ನು ಬಿಟ್ಟು ನನ್ನನ್ನೇ ಪರೀಕ್ಷಿಸುವಂತೆ ನೋಡಿದ. ಮನೆಗೆ ತಂದು ಹಚ್ಚಿದೆ: ಎಳೆಯಿತು, ತಡೆಯಿತು, ಬಿಟ್ಟಿತು. ಯಂತ್ರ ಇಟ್ಟಿದ್ದ ಹಲಗೆಯ ದೋಷವೆಂದು ಸ್ಟೂಲಿನ ಮೇಲಿಟ್ಟೆ, ನಳಿಗೆ ಬದಲಿಸಿದೆ, ಕೆಳಗೆ ಬಟ್ಟೆ ಮಡಚಿ ಹಾಕಿದೆ. ನನಗೆ ತಿಳಿದ ವಿಜ್ಞಾನವೆಲ್ಲ ಅಲ್ಲಿಗೆ ಮುಗಿಯಿತು.

ತೊಟ್ಟಿಯ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ವೈನಿ ತಲೆಯೆತ್ತದೆ ಹೇಳಿದರು: "ಯಂತ್ರ ಹೊಸಾದು ತಂದಿ. ಅದು ಎಳಕೊಳ್ಳೂ ಗಾಳಿ ಈ ಖೋಲೀದಽ ಅಲ್ಲೇನಪಾ?"

ಅಂದು ಅವರು ಹೊಟ್ಟೆತುಂಬ ಉಂಡರು. ನೀರು ತಿಳಿಯಾಗಿತ್ತು, ಮೀನುಗಳು ತೊಟ್ಟಿಯ ತುಂಬ ಓಡಾಡುತ್ತಿದ್ದವು. ಹೆದರಿಕೆ ನನಗೆ ಪೂರ್ತಿ ಹೋಗಿದೆಯೆಂದರೆ ಸುಳ್ಳಾದೀತು; ಆದರೆ ಈಗ ಬಾಗಿಲು ತೆರೆದವನು ಕತ್ತಲಲ್ಲಿ ತುಸು ಹೊತ್ತು ನಿಂತು, ಆಮೇಲೆ ದೀಪ ಹಾಕುತ್ತೇನೆ.

ಫಿಲ್ಟರಿನ ವಿಷಯದಲ್ಲಿ ನಾನೀಗ ತಜ್ಞನೆಂದು ಆಫೀಸಿನಲ್ಲಿ ಹೆಸರಾಗಿದೆ. ಡಬ್ಬಿ ಎಷ್ಟು ದೊಡ್ಡದಿರಬೇಕು, ಇದ್ದಲನ್ನು ಹೇಗೆ ತೊಳೆಯಬೇಕು, ಎಲ್ಲವನ್ನೂ ಕೇಳದವರಿಗೂ ಹೇಳುತ್ತೇನೆ. ಸದ್ದು ಮಾಡದ್ದು ಯಾವುದೆಂದು ಯಾರಾದರೂ ಕೇಳಿದರೆ ಮಾತ್ರ, ಅವರ ಮನೆಯಲ್ಲಿ ಮೊದಲು ಯಾರು ಯಾರು ಇದ್ದರೆಂದು ವಿಚಾರಿಸುತ್ತೇನೆ.