ಮಂಗಳವಾರಕ್ಕೆ ಕಾದ ಹಲ್ಲು

ನನಗೆ ಹೊಟ್ಟೆಕಿಚ್ಚಿತ್ತು. ಬೇಜಾರು ಗೀಜಾರು ಅಂತ ಸುತ್ತಿಬಳಸಿ ಹೇಳೋದು ಯಾಕೆ? ಕೆಳಗಿನ ಮನೆಯ ಆಂಟಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಶ್ರೀರಾಂಪುರದ ನಮ್ಮ ಬಾಡಿಗೆ ಮನೆಯ ಓನರ್ ಅವರು. ಅರವತ್ತು ದಾಟಿದವರು, ಒಂದು ದಿನವೂ ನನಗೆ ಕೆಟ್ಟ ಮಾತಾಡಿದವರಲ್ಲ. ನಾನು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಸ್ಕೂಲು ಬಿಟ್ಟು ಬರುವ ನನ್ನ ಆರು ವರ್ಷದ ಮಗಳನ್ನು ನೋಡಿಕೊಳ್ಳುತ್ತಿದ್ದವರೇ ಅವರು. ಜಗಳ ಆಡೋಣ ಅಂದರೆ ಒಂದು ಕಾರಣನಾದರೂ ಕೊಡಬೇಡವಾ ಪುಣ್ಯಾತ್ಗಿತ್ತಿ!

ಅಂಗಡಿ ಮುಗಿಸಿ ನಾನು ಮನೆ ಸೇರುವಷ್ಟರಲ್ಲಿ ಮಗಳಿಗೆ ಅವಳಪ್ಪ ಊಟ ಮಾಡಿಸಿ ಮಲಗಿಸಿಬಿಟ್ಟಿರುತ್ತಿದ್ದರು. ಭಾನುವಾರ ಗಿರಾಕಿ ಜಾಸ್ತಿ, ಹಾಗಾಗಿ ನನ್ನ ರಜಾ ಮಂಗಳವಾರ. ನನ್ನ ಪಾಲಿಗೆ ಸಿಗುತ್ತಿದ್ದದ್ದು ಬೆಳಿಗ್ಗೆ ಜಡೆ ಹಾಕುವಷ್ಟು ಹೊತ್ತು, ಬಿಟ್ಟರೆ ಮಂಗಳವಾರದ ಸಂಜೆ. ಜಡೆ ಹಾಕುತ್ತಾ, ನಿನ್ನೆ ಸ್ಕೂಲಲ್ಲಿ ಏನಾಯ್ತೇ ಅಂತ ಕೇಳಿದರೆ, “ಕೆಳಗಿನ ಅಜ್ಜಿಗೆ ಎಲ್ಲಾ ಹೇಳಿದೀನಿ ಕಣಮ್ಮ, ಅವರನ್ನೇ ಕೇಳು” ಅನ್ನುತ್ತಿದ್ದಳು. ನಾನು ಹೆತ್ತ ಮಗಳ ಸುದ್ದಿಯನ್ನು ಇನ್ನೊಬ್ಬರ ಬಾಗಿಲಲ್ಲಿ ನಿಂತು ಕೇಳಬೇಕಾ? ಕೇಳುತ್ತಿದ್ದೆ. ಅವರೂ ಅವಳ ಹಾಗೇ ಕೈಬಾಯಿ ತಿರುಗಿಸಿ ಹೇಳುತ್ತಿದ್ದರು. ನಕ್ಕಿದ್ದೂ ಆಯ್ತು, ಹೊಟ್ಟೆ ಉರಿದುಕೊಂಡಿದ್ದೂ ಆಯ್ತು ಅಂತ ಬಸ್ ಸ್ಟಾಪಿಗೆ ಓಡುತ್ತಿದ್ದೆ.

ಒಂದು ಬುಧವಾರ ಬೆಳಿಗ್ಗೆ ಅವಳ ಕೆಳಗಿನ ಹಲ್ಲೊಂದು ಅಲ್ಲಾಡುತ್ತಿರುವುದು ಕಾಣಿಸಿತು. ಮೊದಲನೇ ಹಾಲುಹಲ್ಲು. ನನ್ನದು ಬಿದ್ದಾಗ ಅಮ್ಮ ಅದನ್ನು ಸಗಣಿ ಉಂಡೆಯೊಳಗಿಟ್ಟು, ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು, ನನ್ನ ಕೈಯಿಂದಲೇ ಹಂಚಿನ ಮೇಲಕ್ಕೆ ಎಸೆಸಿದ್ದಳು. ಇದೊಂದನ್ನಾದರೂ ನಾನೇ ಮಾಡಿಸಬೇಕು, ಆಂಟಿಗೆ ಬಿಡಬಾರದು ಅಂತ ಹಟ ಬಂತು.

“ಮಂಗಳವಾರ ಅಮ್ಮಂಗೆ ರಜಾ. ಅಲ್ಲಿ ತನಕ ಇದು ಬೀಳಬಾರದು, ಆಯ್ತಾ ಪುಟ್ಟ?” ಅಂದೆ. ಆಯ್ತು ಅಂತ ತಲೆಯಾಡಿಸಿ ಬಾಯಿ ಮುಚ್ಚಿಕೊಂಡಳು. ಬುಧವಾರದಿಂದ ಮಂಗಳವಾರಕ್ಕೆ ಆರು ದಿನ. ಹಲ್ಲಿಗೆ ನನ್ನ ರಜಾ ಎಲ್ಲಿ ಗೊತ್ತಾಗುತ್ತೆ ಅನ್ನೋ ಬುದ್ಧಿ ನನಗಿರಲಿಲ್ಲ.

ದಿನಾ ಬೆಳಿಗ್ಗೆ ಬೆರಳಿಟ್ಟು ನೋಡುತ್ತಿದ್ದೆ. ಇತ್ತು. ಅಂಗಡಿಯಲ್ಲಿ ಸೀರೆ ಬಿಚ್ಚಿ ಸೆರಗು ತೋರಿಸುವಾಗಲೂ ನನ್ನ ತಲೆಯಲ್ಲಿ ಆ ಹಲ್ಲೇ. ಭಾನುವಾರದ ಹೊತ್ತಿಗೆ ನಾನೇ ಗೆದ್ದೆ ಅಂದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಹಾಲು ತರಲು ಇಳಿದಾಗ ಆಂಟಿ ಮೆಟ್ಟಿಲ ಹತ್ತಿರ ತಡೆದರು.

“ತಪ್ಪು ತಿಳ್ಕೋಬೇಡ ಕಣಮ್ಮ. ಮಗು ಬುಧವಾರದಿಂದ ಸರಿಯಾಗಿ ತಿಂತಿಲ್ಲ. ಡಬ್ಬೀಲಿ ಚಪಾತಿ ಹಾಗೇ ವಾಪಸ್ ಬರ್ತಿದೆ. ಚಕ್ಕುಲಿ ಅಂದ್ರೆ ಪ್ರಾಣ ಬಿಡೋಳು, ಈಗ ಮುಟ್ಟೋದೂ ಇಲ್ಲ. ಹಾಲಲ್ಲಿ ಬಿಸ್ಕೆಟ್ ನೆನೆಸಿ ನುಂಗ್ತಾಳೆ. ಯಾಕೆ ಪುಟ್ಟ ಅಂದ್ರೆ, ಹಲ್ಲು ಬಿದ್ದೋಗುತ್ತೆ, ಅಮ್ಮನ ರಜಾ ಬರ್ಲಿ ಅಂತಾಳೆ.”

ಊಟದ ಡಬ್ಬಿ ತೊಳೆದು ಕಳಿಸುತ್ತಿದ್ದವರು ಆಂಟಿ. ಅದಕ್ಕೂ ನಾನು ಉರಿದುಕೊಂಡಿದ್ದೆ, ನನ್ನ ಮಗಳ ಡಬ್ಬಿ ತೊಳೆಯೋಕೆ ಇವರ್ಯಾರು ಅಂತ. ಬೆಳಿಗ್ಗೆ ನಾನು ಕೊಡುತ್ತಿದ್ದದ್ದು ಮೆತ್ತಗಿನ ಇಡ್ಲಿ, ಉಪ್ಪಿಟ್ಟು. ರಾತ್ರಿ ಅವಳಪ್ಪ ಕಲಸಿ ಕೊಡುತ್ತಿದ್ದದ್ದು ಅನ್ನ ಸಾರು. ನಮಗೆ ಹೇಗೆ ಗೊತ್ತಾಗಬೇಕು? ಅಯ್ಯೋ, ನನ್ನ ಹಟಕ್ಕೆ ಆ ಮಗು ಐದು ದಿನ ಅರೆಹೊಟ್ಟೆಯಲ್ಲಿತ್ತು.

ಹಾಲನ್ನೂ ಮರೆತು ಮೇಲಕ್ಕೆ ಓಡಿದೆ. “ಬಿದ್ರೆ ಇವತ್ತೇ ಬೀಳಲಿ ಬಿಡು ಪುಟ್ಟ. ಚಕ್ಕುಲಿ ಕೊಟ್ರೆ ತಿನ್ನು.”

“ನೀನಿರಲ್ವಲ್ಲಮ್ಮ?”

“ಅಜ್ಜಿ ಇರ್ತಾರಲ್ಲ.”

ಅಷ್ಟು ಹೇಳೋಕೆ ನನಗೆ ಎಷ್ಟು ಕಷ್ಟವಾಯ್ತು ಅಂದರೆ, ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಸಂಜೆ ನಾಲ್ಕೂವರೆಗೆ, ಹಲ್ಲು ಬಿತ್ತು ಅಂತ ಆಂಟಿ ವಿಡಿಯೊ ಕಳಿಸಿದರು. ಅಂಗಡಿಯ ಹಿಂದಿನ ಗೋಡೌನಿನಲ್ಲಿ ಬಾಕ್ಸುಗಳ ಮಧ್ಯೆ ನಿಂತು ನೋಡಿದೆ. ಸಗಣಿ ಎಲ್ಲಿಂದ ತಂದರೋ, ಮಗಳು ಪುಟ್ಟ ಉಂಡೆ ಹಿಡಿದು ಗೇಟಿನ ಹತ್ತಿರ ನಿಂತಿದ್ದಾಳೆ. “ಎಸಿ ಪುಟ್ಟ, ಜೋರಾಗಿ ಎಸಿ” ಅಂತ ಆಂಟಿಯ ದನಿ ಮಾತ್ರ ಕೇಳುತ್ತದೆ. ಉಂಡೆ ಆಂಟಿ ಮನೆಯ ಸಜ್ಜದ ಮೇಲೆ ಹೋಗಿ ಬೀಳುತ್ತದೆ. ಅವಳು ಬೊಚ್ಚುಬಾಯಿ ಬಿಟ್ಟು ನಗುತ್ತಾಳೆ. ಮೂರು ಸಲ ನೋಡಿದೆ, ಮೂರು ಸಲವೂ ಹೊಟ್ಟೆ ಉರೀತು. ನಾನೇನೋ ಒಳ್ಳೆಯವಳಾಗಿಬಿಟ್ಟೆ ಅಂತ ಯಾರೂ ತಿಳಿಯಬೇಡಿ.

ಮಾರನೇ ದಿನ ನನ್ನ ಮಂಗಳವಾರ. ಸ್ಕೂಲಿಂದ ಬಂದವಳು ಬ್ಯಾಗ್ ಎಸೆದು, ನನ್ನ ತೊಡೆಯ ಮೇಲೆ ಕೂತು, ಪಕ್ಕದ ಹಲ್ಲನ್ನು ನಾಲಿಗೆಯಿಂದ ತಳ್ಳಿ ತೋರಿಸಿದಳು. ಅದೂ ಅಲ್ಲಾಡುತ್ತಿತ್ತು.

“ಇದನ್ನ ನಿನಗೆ ಇಟ್ಕೊಂಡಿರ್ಲಾಮ್ಮ?”

ಹೂಂ ಅನ್ನೋದು ಬಾಯಿ ತನಕ ಬಂದಿತ್ತು. ಅವಳನ್ನು ತೊಡೆಯಿಂದ ಇಳಿಸಿ ಎದ್ದು ಹೋಗಿ, ಆಂಟಿ ಕಳಿಸಿದ್ದ ಚಕ್ಕುಲಿ ಡಬ್ಬ ತಂದು ಅವಳ ಮುಂದೆ ಇಟ್ಟೆ.