ಹತ್ತು ಗಂಟೆಗೆ ಕರೆಂಟು ಹೋಗುವ ಮುನ್ನ

ನೆಟ್‌ವರ್ಕಿಂಗ್ ಕೋರ್ಸಿನ ಸರ್ಟಿಫಿಕೇಟು ಕೈಗೆ ಬಂದ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಹಳೆಯ ಕಟ್ಟಡ, ಕೆಳಗೆ ಬೇಕರಿ, ಮೇಲೆ ಕ್ಲಾಸು. ಅಲ್ಲಿ ಆರು ತಿಂಗಳು ಕಲಿತು ಬಂದಿದ್ದೆ. ತಂತಿ ಸುಲಿಯುವುದು, ಅದರ ತುದಿಗೆ ಪ್ಲಾಸ್ಟಿಕ್ಕಿನ ಪ್ಲಗ್ಗು ಒತ್ತಿ ಕೂರಿಸುವುದು, ಎರಡು ಕಂಪ್ಯೂಟರುಗಳು ಒಂದರ ಜೊತೆ ಒಂದು ಮಾತಾಡುವಂತೆ ಮಾಡುವುದು, ಎಲ್ಲ ಬರುತ್ತಿತ್ತು. ಬರುತ್ತದೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಯೆರವಡಾದ ನಮ್ಮ ಎರಡು ಕೋಣೆಯ ಮನೆಯಲ್ಲಿ ಮಿಕ್ಸಿ ಕೆಟ್ಟರೂ ಮೊದಲು ನನ್ನನ್ನೇ ಕೇಳಬೇಕು, ಅಷ್ಟು ಧಿಮಾಕು.

ಕಂಪ್ಯೂಟರುಗಳೂ ಎರಡಿದ್ದವು. ಎರಡಕ್ಕೂ ವಯಸ್ಸಾಗಿತ್ತು. ಹೊರಗಿನ ಕೋಣೆಯದು ಅಪ್ಪನದು. ಅಪ್ಪ ಕ್ಯಾಂಪಿನ ಒಂದು ಕಚೇರಿಯಲ್ಲಿ ಟೈಪಿಂಗ್ ಗುಮಾಸ್ತ. ಅಲ್ಲಿ ಹೊಸದು ಬಂದಾಗ ಹಳೆಯದನ್ನು ಮನೆಗೆ ತಂದಿದ್ದ. ಒಳಗಿನ ಕೋಣೆಯದು ನನ್ನದು, ಅಲ್ಲೊಂದು ಇಲ್ಲೊಂದು ಭಾಗ ಹುಡುಕಿ ನಾನೇ ಜೋಡಿಸಿದ್ದು. ಪ್ರಿಂಟರು ಇದ್ದದ್ದು ನನ್ನದಕ್ಕೆ ಮಾತ್ರ. ಆ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ಎರಡಕ್ಕೂ ನೆಟ್‌ವರ್ಕ್ ಕಾರ್ಡು ಹಾಕಿ, ಅಡಿಗೆಮನೆಯ ಬಾಗಿಲ ಮೇಲಿಂದ ನೀಲಿ ತಂತಿ ಎಳೆದಿದ್ದೆ. ಅಪ್ಪ ಹೊರಗೆ ಟೈಪು ಮಾಡಿದ್ದು ಒಳಗೆ ನನ್ನ ಪರದೆಯ ಮೇಲೆ ಬಂದಾಗ ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದು ನೋಡಿದ್ದಳು. ಮೂರು ವಾರ ಚಂದ ನಡೆಯಿತು. ದಸರೆ ಆದ ಮೇಲೆ ನಿಂತುಹೋಯಿತು. ಎರಡು ದಿನ ತಿಣುಕಿ, ಅಪ್ಪನ ಕಂಪ್ಯೂಟರಿನ ಕಾರ್ಡು ಸುಟ್ಟಿದೆ ಎಂದು ತೀರ್ಪು ಕೊಟ್ಟು ಕೈ ತೊಳೆದುಕೊಂಡೆ. ಬೇಕಾದದ್ದನ್ನು ಒಯ್ಯಲು ಫ್ಲಾಪಿ ಇತ್ತಲ್ಲ.

ಮುಂದಿನ ಜೂನಿನಲ್ಲಿ ಆ ಫ್ಲಾಪಿಯೂ ಕೈಕೊಟ್ಟಿತು. ಅದೂ ಎಂಥ ಹೊತ್ತಿನಲ್ಲಿ!

ಅವ್ವ ಆಗ ಮಗರಪಟ್ಟಾದ ಕಡೆ ಏಳುತ್ತಿದ್ದ ಕಟ್ಟಡಗಳ ಪಕ್ಕ, ತಗಡಿನ ಶೆಡ್ಡಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ಯಾದಗಿರಿ, ರಾಯಚೂರು, ಗುಲ್ಬರ್ಗಾ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು. ಅವರಲ್ಲಿ ನಲವತ್ತೆರಡು ಮಕ್ಕಳನ್ನು ಒಂದು ಕನ್ನಡ ಶಾಲೆಗೆ ಸೇರಿಸಲು ಹೆಡ್‌ಮಾಸ್ತರರನ್ನು ಒಪ್ಪಿಸಿದ್ದಳು. ಅವರು ಕೇಳಿದ್ದು ಗುರುವಾರ ಮಧ್ಯಾಹ್ನದೊಳಗೆ ಹೆಸರು ಮತ್ತು ಹುಟ್ಟಿದ ತಾರೀಖಿನ ಪಟ್ಟಿ. ತಾರೀಖು ಸಿಗದಿದ್ದರೆ ಚಿಂತೆ ಬೇಡ, ಎಲ್ಲರಿಗೂ ಜೂನ್ ಒಂದು ಹಾಕಿಬಿಡುತ್ತೇನೆ ಎಂದಿದ್ದರು. ಅವರ ತಪ್ಪಲ್ಲ, ಊರ ಶಾಲೆಗಳಲ್ಲಿ ಅದೇ ವಾಡಿಕೆ. ಅವ್ವನ ಸರ್ಟಿಫಿಕೇಟಿನಲ್ಲೂ ಜೂನ್ ಒಂದೇ ಇತ್ತು. ತಾನು ನಿಜಕ್ಕೂ ಎಂದು ಹುಟ್ಟಿದೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ.

"ನನಗ ಮಾಸ್ತರ ಕೊಟ್ಟದ್ದ ಆತು," ಎಂದಿದ್ದಳು ಅವ್ವ. "ಈ ಕೂಸುಗಳಿಗೆ ಅವರವರದ ಬೇಕು."

ಹಾಗಾಗಿ ಮೂರು ತಿಂಗಳು ತಾಯಂದಿರ ಬೆನ್ನು ಬಿದ್ದಳು. ಕೂಸು ಹುಟ್ಟಿದಾಗ ಎಲ್ಲಿ ಕೆಲಸ ಮಾಡುತ್ತಿದ್ದಿರಿ? ಎಷ್ಟನೇ ಅಂತಸ್ತಿನ ಸ್ಲ್ಯಾಬು ಹಾಕಿದ್ದರು? ಎಳ್ಳಮಾಸಿ ಹಬ್ಬ ಆಗಿತ್ತೋ, ಇನ್ನೂ ಇತ್ತೋ? ಒಬ್ಬಳು, ನಾಕನೇ ಸ್ಲ್ಯಾಬಿನ ದಿನ ಬೆಳಿಗ್ಗೆ ಬುಟ್ಟಿ ಹೊತ್ತೆ, ಸಂಜೆಗೆ ಹಡೆದೆ ಎನ್ನುವಳು. ಅವ್ವ ಕೂಲಿಯವರ ಮೇಸ್ತ್ರಿ ಮುಕಾದಮನನ್ನು ಹಿಡಿದು ಅವನ ಹಳೆಯ ವಹಿಯಲ್ಲಿ ಆ ಸ್ಲ್ಯಾಬಿನ ತಾರೀಖು ಹುಡುಕಿಸುವಳು. ಹೀಗೆ ಒಂದೊಂದು ತಾರೀಖು ಒಂದೊಂದು ಚೀಟಿಯಲ್ಲಿ ಮನೆಗೆ ಬರುತ್ತಿತ್ತು. ಅಪ್ಪ ಭಾನುವಾರ ಕೂತು ಟೈಪು ಮಾಡುತ್ತಿದ್ದ. ಹೆಸರು, ತಾರೀಖು, ಯಾವ ನೆನಪಿನಿಂದ ಸಿಕ್ಕಿತು, ಹೇಳಿದವರು ಯಾರು, ನಾಲ್ಕು ಕಾಲಮ್ಮು, ಎಡ ಅಂಚಿಗೆ ಕ್ರಮಸಂಖ್ಯೆ. ಟೈಪಾದ ಚೀಟಿಯನ್ನು ಅಲ್ಲೇ ಹರಿದು ಹಾಕುತ್ತಿದ್ದ. ಇಪ್ಪತ್ತೆಂಟು ವರ್ಷದ ಕಚೇರಿಯ ರೂಢಿ. ಟೈಪಾದ ಮೇಲೆ ಕರಡು ಉಳಿಯಬಾರದು.

ಆ ಮಂಗಳವಾರ ಸಂಜೆ ಅಪ್ಪನ ಕಂಪ್ಯೂಟರಿನ ಹೊಟ್ಟೆಯೊಳಗಿಂದ ಕಟ್ ಕಟ್ ಸದ್ದು ಶುರುವಾಯಿತು. ಪಟ್ಟಿಯ ಫೈಲಿನ ಹೆಸರು ಪರದೆಯ ಮೇಲೆ ಕಾಣುತ್ತಿತ್ತು, ತೆರೆಯಲು ಹೋದರೆ ಟೈಪಿಂಗ್ ಪ್ರೋಗ್ರಾಮು ಕಣ್ಣು ಮುಚ್ಚುತ್ತಿತ್ತು. ಫ್ಲಾಪಿ ಹಾಕಿದರೆ ಗರಗರ ಎಂದು ಹೊರಕ್ಕೆ ತಳ್ಳುತ್ತಿತ್ತು. ನಮ್ಮ ಕ್ಲಾಸಿನ ಮಾಸ್ತರರಿಗೆ ಫೋನು ಮಾಡಿದೆ. ಅವರು ಸದ್ದಿನ ವರ್ಣನೆ ಕೇಳಿಯೇ ಮರಾಠಿಯಲ್ಲಿ, "ಬಂದ್ ಕರೂ ನಕಾ!" ಎಂದರು. ಡಿಸ್ಕು ತಿರುಗುತ್ತಿರುವ ತನಕ ಬದುಕಿದೆ, ಒಮ್ಮೆ ನಿಂತರೆ ಮತ್ತೆ ಏಳುವುದು ಅನುಮಾನ, ನೆಟ್‌ವರ್ಕಿನಿಂದ ಎಳೆದುಕೋ ಎಂದರು.

ಬಂದ್ ಮಾಡುವುದಿಲ್ಲ, ಸರಿ. ಆದರೆ ನಾಡದ್ದು ಗುರುವಾರ. ಪುಣೆಯಲ್ಲಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಗುರುವಾರ ಎಂದರೆ ದುರಸ್ತಿಯ ದಿನ, ನಮ್ಮ ಓಣಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋದರೆ ಬರುವುದು ಸಂಜೆಯೇ.

ಬುಧವಾರವೆಲ್ಲ ನನ್ನ ಕಂಪ್ಯೂಟರಿನ ಸೆಟ್ಟಿಂಗುಗಳಲ್ಲೇ ಕಳೆಯಿತು. ನಂಬರು ಬದಲಿಸಿದೆ, ಗುಂಪಿನ ಹೆಸರು ಬದಲಿಸಿದೆ, ಕಾರ್ಡು ಕಿತ್ತು ಮತ್ತೆ ಕೂರಿಸಿದೆ. ಪ್ರತಿ ಸಲವೂ ಪಿಂಗ್ ಕೊಟ್ಟು ನೋಡುತ್ತಿದ್ದೆ. ಪಿಂಗ್ ಎಂದರೆ ಈ ಕಂಪ್ಯೂಟರು ಆ ಕಂಪ್ಯೂಟರನ್ನು ಕೂಗಿ ಕರೆಯುವುದು. ಅದು ಓ ಎಂದರೆ ದಾರಿ ಸರಿಯಿದೆ ಎಂದರ್ಥ. ನನ್ನದು ನಾಲ್ಕು ಸಲ ಕೂಗುವುದು, ನಾಲ್ಕು ಸಲವೂ ಉತ್ತರವಿಲ್ಲ ಎನ್ನುವುದು. ಎರಡೂ ಕಾರ್ಡುಗಳ ಬೆನ್ನಲ್ಲಿ ಒಂದೊಂದು ಹಸಿರು ದೀಪ ಇರುತ್ತದೆ, ತಂತಿ ಸರಿಯಾಗಿ ಕೂಡಿದರೆ ಹತ್ತಿಕೊಳ್ಳುತ್ತದೆ. ಎರಡೂ ಹತ್ತಿರಲಿಲ್ಲ. ಅದನ್ನು ಮೊದಲೇ ನೋಡಬೇಕಿತ್ತು. ಆದರೆ ಕಾರ್ಡು ಸುಟ್ಟಿದೆ ಎಂದು ಎಂಟು ತಿಂಗಳ ಹಿಂದೆ ತೀರ್ಪು ಕೊಟ್ಟವಳು ನಾನು. ನನ್ನ ತೀರ್ಪನ್ನು ನಾನೇ ತಿದ್ದುವುದು ಸುಲಭವೇ?

ಗುರುವಾರ ಬೆಳಿಗ್ಗೆ ಎದ್ದಾಗ ಸಿಟ್ಟು ಇಳಿದು ಬುದ್ಧಿ ಬಂದಿತ್ತು. ಮೊದಲು ತಂತಿ ಎಂದುಕೊಂಡೆ. ತಂತಿಯ ಎರಡೂ ತುದಿಗೆ ಹೊಸ ಪ್ಲಗ್ಗು ಹಾಕಲು ಇಕ್ಕಳ ತೆಗೆದುಕೊಂಡು ಕೂತೆ. ಅಪ್ಪ ರಜೆ ಹಾಕಿದ್ದ. ಹೊರಗಿನ ಕೋಣೆಯಿಂದ ಒಳಗೆ, ಒಳಗಿನಿಂದ ಹೊರಗೆ ತಿರುಗುತ್ತಿದ್ದ.

"ಆತೇನವಾ?"

"ಇಲ್ಲಪಾ."

"ಎಂಟೂವರಿ ಆತು."

"ಗೊತ್ತದಪಾ! ಸುಮ್ನ ಕೂಡು!"

ನನಗೆ ಆಶ್ಚರ್ಯವೆಂದರೆ, ಪಟ್ಟಿ ಅವ್ವನದು, ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತಿದ್ದಾಳೆ. ಈ ಮನುಷ್ಯ ಮಾತ್ರ ಬೆಂಕಿ ತುಳಿದವರಂತೆ ಆಡುತ್ತಿದ್ದಾನೆ. ಚೀಟಿ ಹರಿದದ್ದಕ್ಕೆ ಪಶ್ಚಾತ್ತಾಪ ಇರಬೇಕು ಎಂದುಕೊಂಡೆ.

"ರೀ, ನೀವು ಹಿಂಗ ಅಡ್ಡಾಡಿದ್ರ ಅಕಿ ಕೆಲಸ ಕೆಡ್ತದ," ಎಂದಳು ಅವ್ವ. "ಸಿಗಲಿಲ್ಲಂದ್ರ ನಾ ಮತ್ತ ಎಲ್ಲಾರನ್ನೂ ಕೇಳಿ ಬರೀತೀನಿ. ಆದ್ರ ಇವತ್ತ ಹುಡುಗ್ರಿಗೆ ಜೂನ್ ಒಂದ ಬೀಳ್ತದ. ಅದಕ್ಕ ಹೊಟ್ಟಿ ಉರೀತದ."

"ಎಲ್ಲಾ ಮತ್ತ ಕೇಳ್ಲಿಕ್ಕೆ ಆಗೂದಿಲ್ಲ ಬಿಡು," ಎಂದ ಅಪ್ಪ, ಅವಳ ಮುಖ ನೋಡದೆ.

ಒಳಗಿನ ತುದಿಗೆ ಹೊಸ ಪ್ಲಗ್ಗು ಹಾಕಿ ನನ್ನ ಕಾರ್ಡಿಗೆ ಚುಚ್ಚಿದೆ. ಟಕ್ ಎಂದಿತು. ಆ ಪ್ಲಗ್ಗಿಗೆ ಒಂದು ಸಣ್ಣ ನಾಲಿಗೆ ಇರುತ್ತದೆ, ಪೂರ್ತಿ ಒಳಗೆ ಹೋದಾಗ ಅದು ಕಚ್ಚಿ ಕೂರುವ ಸದ್ದು. ದೀಪ ಹತ್ತಲಿಲ್ಲ. ಹೊರಗೆ ಬಂದು ಅಪ್ಪನ ಮೇಜಿನ ಕೆಳಗೆ ಹೊಕ್ಕೆ. ಆ ತುದಿಯ ಹಳೆಯ ಪ್ಲಗ್ಗಿನ ನಾಲಿಗೆ ಮುರಿದು ಎಂಟು ತಿಂಗಳಾಗಿತ್ತು. ಅದನ್ನು ಕತ್ತರಿಸಿ ಹೊಸದು ಹಾಕಿದೆ. ಎಂಟು ಸಣ್ಣ ಎಳೆಗಳನ್ನು ಬಣ್ಣದ ಕ್ರಮದಲ್ಲಿ ಹೊಂದಿಸುವಾಗ ಒಂದೆಳೆ ಜಾರಿ, ಮತ್ತೆ ಸುಲಿದು, ಮತ್ತೆ ಹೊಂದಿಸುವಷ್ಟರಲ್ಲಿ ಒಂಬತ್ತೂಕಾಲು. ಚುಚ್ಚಿದೆ.

ಟಕ್ ಎನ್ನಲಿಲ್ಲ.

ಹೊರತೆಗೆದು ಮತ್ತೆ ಚುಚ್ಚಿದೆ. ಇಲ್ಲ. ಹೊಸ ಪ್ಲಗ್ಗು, ಗಟ್ಟಿ ನಾಲಿಗೆ, ಆದರೂ ಸದ್ದಿಲ್ಲ. ಅಂದರೆ ಅದು ಪೂರ್ತಿ ಒಳಗೆ ಹೋಗುತ್ತಿಲ್ಲ. ಅಂದರೆ ಒಳಗೆ ಏನೋ ಇದೆ!

"ಅಪ್ಪಾ, ಬ್ಯಾಟ್ರಿ ತಾ!"

ಅಪ್ಪ ಬ್ಯಾಟರಿ ಹಿಡಿದುಕೊಂಡು ನನ್ನ ಪಕ್ಕ ನೆಲದ ಮೇಲೆ ಮಲಗಿಯೇಬಿಟ್ಟ. ಬೆಳಕು ಬಿಟ್ಟು ನೋಡಿದರೆ, ಕಾರ್ಡಿನ ಆ ಸಣ್ಣ ಗೂಡಿನೊಳಗೆ, ಮೂಲೆಗೆ, ಅರಿಶಿನ ಹಚ್ಚಿದ ಒಂದು ಅಕ್ಕಿಕಾಳು ಆರಾಮಾಗಿ ಕೂತಿತ್ತು.

ಎಂಟು ತಿಂಗಳು ಹಿಂದಕ್ಕೆ ಹೋದೆ. ದಸರೆಯ ಖಂಡೆ ಪೂಜೆ, ಆಯುಧಗಳ ಪೂಜೆ. ಅವ್ವ ಎರಡೂ ಕಂಪ್ಯೂಟರಿನ ತಂತಿ ಬಿಚ್ಚಿಸಿ, ಒರೆಸಿ, ಹಿಂದೆ ಮುಂದೆ ಅರಿಶಿನ ಕುಂಕುಮ ಹಚ್ಚಿದ್ದಳು. ಹೊಲಿಗೆ ಯಂತ್ರಕ್ಕೆ, ಈಳಿಗೆಗೆ, ಅಪ್ಪನ ಸೈಕಲ್ಲಿಗೆ ಮಾಡಿದಂತೆಯೇ. ಮೂವರೂ ನಿಂತು ಅಕ್ಕಿಕಾಳು ಹಾಕಿದ್ದೆವು. ಪೂಜೆ ಆದ ಮೇಲೆ ತಂತಿಯನ್ನು ಹಿಂದಕ್ಕೆ ಸಿಕ್ಕಿಸಿದವಳು ನಾನು. ಒಳಗೆ ಹೋಗಲಿಲ್ಲವೆಂದು ಜೋರಾಗಿ ಒತ್ತಿದವಳೂ ನಾನು. ಆಗಲೇ ನಾಲಿಗೆ ಮುರಿದದ್ದು. ಆರು ತಿಂಗಳ ಕೋರ್ಸು, ಒಂದು ಸರ್ಟಿಫಿಕೇಟು, ಸುಟ್ಟಿದೆ ಎಂಬ ತೀರ್ಪು! ಮೇಜಿನ ಕೆಳಗೆ ಬಿದ್ದುಕೊಂಡೇ ನಗು ತಡೆಯಲಾಗಲಿಲ್ಲ.

"ಅವ್ವಾ, ಒಂದ ಕಸಬರಗಿ ಕಡ್ಡಿ ತಾ!"

ಅವ್ವ ಬಂದು ಬಗ್ಗಿ ನೋಡಿದಳು. "ಅಯ್ಯ, ದೇವರ ಅಕ್ಕಿಕಾಳಿಗೆ ಕಸಬರಗಿ ಕಡ್ಡಿ ಮುಟ್ಟಸ್ತೀಯೇನ? ಬ್ಯಾಡ!" ಎಂದು ಸೀದಾ ದೇವರ ಗೂಡಿಗೆ ಹೋದಳು. ಕರೆಂಟು ಹೋಗಲು ಅರ್ಧ ಗಂಟೆ ಇದೆ, ಇವಳು ಮಡಿ ನೋಡುತ್ತಿದ್ದಾಳೆ ಎಂದು ನನಗೆ ಕೂಗಬೇಕೆನಿಸಿತು. ಆದರೆ ಅವಳು ತಂದದ್ದು ಊದಿನಕಡ್ಡಿ. ಅದರ ಬಿದಿರಿನ ತುದಿ ಬೇಕೆಂದು ಕೇಳಿ ಮಾಡಿಸಿದಷ್ಟು ಸರಿಯಾಗಿತ್ತು. ಮೂರು ಸಲ ಜಾರಿ, ನಾಲ್ಕನೇ ಸಲಕ್ಕೆ ಕಾಳು ನನ್ನ ಅಂಗೈಗೆ ಬಿತ್ತು. ಅವ್ವ ಅದನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

ಚುಚ್ಚಿದೆ. ಟಕ್!

ಹಸಿರು ದೀಪ! ನಾನು ಎದ್ದ ರಭಸಕ್ಕೆ ತಲೆ ಮೇಜಿಗೆ ಬಡಿಯಿತು, ನೋವೂ ತಿಳಿಯಲಿಲ್ಲ. ಒಳಗೆ ಓಡಿದೆ. ಅಲ್ಲೂ ಹಸಿರು ದೀಪ. ಪಿಂಗ್ ಕೊಟ್ಟೆ. ಓ. ಓ. ಓ. ಓ. ನಾಲ್ಕಕ್ಕೆ ನಾಲ್ಕು! ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ಮರಾಠಿ ಮಾವಶಿ ಕಿಟಕಿಯಿಂದ, "ಕಾಯ್ ಝಾಲಂ ಗ?", ಏನಾಯಿತೇ, ಎಂದು ಕೇಳಿದರು.

ಒಂಬತ್ತೂ ನಲವತ್ತು. ಮೊದಲು ಕನ್ನಡದ ಅಕ್ಷರಗಳ ಫಾಂಟು ಎಳೆದುಕೊಂಡೆ. ಅದಿಲ್ಲದೆ ಪಟ್ಟಿ ಬಂದರೂ ಇರುವೆ ಸಾಲಿನಂತೆ ಕಾಣುತ್ತಿತ್ತು. ಆಮೇಲೆ ಪಟ್ಟಿ. ಹೊರಗೆ ಡಿಸ್ಕು ಕಟ್ ಕಟ್ ಎನ್ನುತ್ತಿದೆ, ಒಳಗೆ ಪರದೆಯ ಮೇಲೆ ಹಾಳೆಯ ಚಿತ್ರ ಒಂದು ಮೂಲೆಯಿಂದ ಇನ್ನೊಂದಕ್ಕೆ ಹಾರುತ್ತಿದೆ. ನಡುವೆ ಒಮ್ಮೆ ನಿಂತಿತು. ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಮತ್ತೆ ಹಾರಿತು. ಮುಗಿಯಿತು.

ತೆರೆದೆ. ಅಕ್ಷರಗಳು ದುಂಡಗೆ ಬಂದವು. ಪ್ರಿಂಟು ಕೊಟ್ಟೆ. ಮೊದಲ ಹಾಳೆ ಬಂದಾಗ ಒಂಬತ್ತೂ ಐವತ್ತೆರಡು. ಎರಡನೆಯದು ಹೊರಬರುತ್ತಿದ್ದಂತೆ ಅಪ್ಪ ನುಗ್ಗಿ, "ಇದನ್ನ ನಾ ತಗೋತೀನಿ, ಕೆಳಗ ಒಂಚೂರು ತಿದ್ದೂದದ," ಎಂದು ಕೈ ಚಾಚಿದ. ಅವ್ವನ ಕೈ ಮೊದಲು ತಲುಪಿತು. ಅವಳ ಪಟ್ಟಿ; ಬಿಡುವಳೇ? ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಹೆಸರು ಬೆರಳಿಟ್ಟು ಓದತೊಡಗಿದಳು. ಹತ್ತಕ್ಕೆ ಎರಡು ನಿಮಿಷ ಇರುವಾಗ ಫ್ಯಾನು ನಿಂತಿತು. ಹೊರಗಿನ ಕಟ್ ಕಟ್ ಕೂಡ. ಆ ಕಂಪ್ಯೂಟರು ಮತ್ತೆ ಏಳಲಿಲ್ಲ.

ಅವ್ವನ ಬೆರಳು ಕೊನೆಯ ಸಾಲಿನಲ್ಲಿ ನಿಂತಿತ್ತು. ನಾನು ಭುಜದ ಮೇಲಿಂದ ಬಗ್ಗಿ ಓದಿದೆ. ನಲವತ್ತೆರಡು ಮಕ್ಕಳಾದ ಮೇಲೆ ಇನ್ನೊಂದು ಸಾಲಿತ್ತು.

ಹೆಸರಿನ ಜಾಗದಲ್ಲಿ: ನಮ್ಮ ಮನಿಯಾಕಿ. ನೆನಪಿನ ಜಾಗದಲ್ಲಿ: ನಾಗರಪಂಚಮಿ ಆಗಿ ಎರಡು ದಿನಕ್ಕೆ, ಹಿತ್ತಲ ಬಾವಿಗೆ ಮೊದಲ ಸಲ ನೀರು ಬಿದ್ದ ದಿನ. ಹೇಳಿದವರು: ಆಕೆಯ ದೊಡ್ಡಕ್ಕ. ನಡುವೆ ತಾರೀಖು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವ್ವನದು.

ಅಪ್ಪ ಮೇ ತಿಂಗಳಲ್ಲಿ ಅವ್ವನ ತವರಿಗೆ ಒಂದು ಮದುವೆಗೆಂದು ಒಬ್ಬನೇ ಹೋಗಿ ಬಂದಿದ್ದ. ಹಾಸಿಗೆ ಹಿಡಿದಿದ್ದ ದೊಡ್ಡಕ್ಕನ ಹತ್ತಿರ ಕೂತು ಕೇಳಿ, ಹಳೆಯ ಪಂಚಾಂಗ ಹುಡುಕಿ ತಾರೀಖು ತೆಗೆದಿದ್ದ. ಬಂದು ಟೈಪು ಮಾಡಿ, ಎಂದಿನಂತೆ, ಚೀಟಿ ಹರಿದಿದ್ದ. ಹದಿನೈದು ದಿನಕ್ಕೆ ದೊಡ್ಡಕ್ಕ ತೀರಿಕೊಂಡರು. ಮತ್ತೆ ಕೇಳಲು ಯಾರೂ ಇರಲಿಲ್ಲ.

"ಶ್ರಾವಣದಾಗ ಹೇಳೂನು ಅಂತ ಇಟ್ಟಿದ್ದೆ," ಎಂದ ಅಪ್ಪ, ಗೋಡೆಗೆ ಹೇಳುವಂತೆ.

ಅವ್ವ ಕೈಯಲ್ಲಿದ್ದ ಅಕ್ಕಿಕಾಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಅವಳ ಕಣ್ಣು ತುಂಬಿತ್ತು, ನನಗೆ ಮಾತ್ರ ಖುಷಿಗೆ ಕುಣಿಯಬೇಕು ಎನಿಸುತ್ತಿತ್ತು. ಆಮೇಲೆ ಅವ್ವ ಹೊಲಿಗೆಯ ಕತ್ತರಿ ತಂದು ಕೊನೆಯ ಸಾಲನ್ನು ಕತ್ತರಿಸಿಕೊಂಡಳು. ಅಂಚು ಸೊಟ್ಟಗಾಯಿತು. ನಲವತ್ಮೂರು ಎಂಬ ಅಂಕಿ ಹಾಳೆಯಲ್ಲೇ ಉಳಿಯಿತು.

ಮಧ್ಯಾಹ್ನ ನಾನೂ ಅವಳ ಜೊತೆ ಶಾಲೆಗೆ ಹೋದೆ. ಹೆಡ್‌ಮಾಸ್ತರರು ಕನ್ನಡಕ ಏರಿಸಿ ಎರಡೂ ಹಾಳೆ ನಿಧಾನವಾಗಿ ಓದಿದರು. ಕೆಳಗಿನ ಸೊಟ್ಟ ಅಂಚಿನ ಹತ್ತಿರ ಬೆರಳಿಟ್ಟರು.

"ಭಾಳ ಛಲೋ ಮಾಡೀರಿ ಬಾಯಾರ. ಆದ್ರ ಈ ನಲವತ್ಮೂರನೇದು ಯಾರರಿ? ಕತ್ತರಿಸಿಬಿಟ್ಟೀರಿ?"

"ಅಕಿಗೆ ಸಾಲಿ ಬ್ಯಾಡ್ರಿ ಸರ್," ಎಂದಳು ಅವ್ವ. "ತಾರೀಖ ಅಷ್ಟ ಬೇಕಾಗಿತ್ತು. ಸಿಕ್ತು."