ಟಯರ್ ಎಳೆಯಲು ಬಿಡದ ಊರು

ಇವತ್ತು ಬೆಳಿಗ್ಗೆ ನನ್ನ ಟ್ರೈನಿಂಗನ್ನು ರಿಕ್ಷಾದಲ್ಲಿ ಹೊತ್ತುಕೊಂಡು ಹೋದರು ಮಾರಾಯ್ರೆ!

ನಾನು ಐಸ್ ಹಾಕಿ, ಅಂದರೆ ಮಂಜುಗಡ್ಡೆಯ ಮೇಲಿನ ಹಾಕಿ, ಆಡುವವಳು. ನಮ್ಮ ಕಡೆ ಐಸ್ ಇರುವುದು ಮೀನಿನ ಪೆಟ್ಟಿಗೆಯಲ್ಲಿ ಮಾತ್ರ. ಹಾಗಾಗಿ, ಸೊಂಟಕ್ಕೆ ಟಯರ್ ಕಟ್ಟಿಕೊಂಡು ಓಡಿ ಕಾಲು ಗಟ್ಟಿ ಮಾಡು, ಅದರ ವಿಡಿಯೊ ಕಳಿಸು, ನೋಡಿ ಕ್ಯಾಂಪಿಗೆ ಕರೆಯುತ್ತೇನೆ ಎಂದು ಕೋಚ್ ಅಪ್ಪಣೆ.

ನಮ್ಮೂರು ಇನ್ನಂಜೆಯ ಗದ್ದೆ ಬದಿಯ ರಸ್ತೆ. ವಿಡಿಯೊ ಆನ್ ಮಾಡಿ ಫೋನನ್ನು ಕಟ್ಟೆಗೆ ಒರಗಿಸಿಟ್ಟು ಓಡತೊಡಗಿದೆ. ಪಕ್ಕದ ಮನೆಯ ಸದಾನಂದಣ್ಣ ರಿಕ್ಷಾ ನಿಲ್ಲಿಸಿದರು.

"ಎಂತ ಮಾರಾಯ್ತಿ, ಪಂಚರಾ? ನನಗೊಂದು ಫೋನ್ ಮಾಡ್ಲಿಕ್ಕೆ ಎಂತ ಕಷ್ಟ?"

"ಪಂಚರ್ ಅಲ್ಲ ಅಣ್ಣ, ಟ್ರೈನಿಂಗ್."

"ಅದು ಆಮೇಲೆ ಮಾಡುವ. ಹುಡುಗಿ ಟಯರ್ ಎಳೆಯುವಾಗ ಇವ ರಿಕ್ಷಾದಲ್ಲಿ ಕೂತು ಹೋದ ಅಂತ ಊರಿನವರು ನನಗೆ ಬಯ್ಯುದಿಲ್ವಾ? ಹತ್ತು!"

ಹಗ್ಗ ಬಿಚ್ಚಿ, ಟಯರನ್ನು ಹೆಗಲಿಗೇರಿಸಿ ರಿಕ್ಷಾಕ್ಕೆ ಹಾಕಿದರು. ಕಟ್ಟೆಗೆ ಒರಗಿಸಿಟ್ಟಿದ್ದ ಫೋನನ್ನೂ ತಂದುಕೊಟ್ಟರು. ನನ್ನನ್ನು ಮನೆಯ ಅಂಗಳದಲ್ಲಿ ಇಳಿಸಿ, ಅಮ್ಮನಿಗೂ ನಾಲ್ಕು ಮಾತು ಹೇಳಿ ಹೋದರು.

ನಾನು ಸೋಮಾರಿಯಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಇಡೀ ವಿಡಿಯೊವನ್ನು ಕೋಚ್‌ಗೆ ಕಳಿಸಿದೆ. ಉತ್ತರ ಬಂತು: "ಇವತ್ತು ಗಟ್ಟಿಯಾದದ್ದು ಆ ರಿಕ್ಷಾದವರ ಕಾಲು. ನಾಳೆ ನಿನ್ನದು ಕಳಿಸು."

ಹಾಗಾಗಿ ನಾಳೆ, ನನ್ನ ಗುರುತಿನವರು ಯಾರೂ ಇಲ್ಲದ ಹೆಜಮಾಡಿಗೆ ಹೋಗಿ ಎಳೆಯುತ್ತೇನೆ. ಆದರೆ ಅಷ್ಟು ದೂರ ಟಯರ್ ಸಾಗಿಸಲು ರಿಕ್ಷಾ ಬೇಕಲ್ಲ? ಸದಾನಂದಣ್ಣನನ್ನೇ ಕೇಳಿದೆ. ಖುಷಿಯಿಂದ ಒಪ್ಪಿದರು.

"ನೀನು ಒಬ್ಬಳೇ ಎಂತಕ್ಕೆ ಎಳೆಯುದು? ನಾನೂ ಕೈ ಹಾಕ್ತೇನೆ."